ಸಾಲಿನ ಕೊನೆಯಲ್ಲಿ ನಿಂತವನು

ಕಳೆದ ವಾರ ಐರ್ಲೆಂಡಿನ ಸಿಟಿವೆಸ್ಟ್‌ನಲ್ಲಿ ಆಫೀಸಿನವರೆಲ್ಲ ಸೇರಿ ಫುಟ್‌ಬಾಲ್ ಆಡುವಾಗ ನನ್ನ ಕಾಲು ಉಳುಕಿತು. ಚೆಂಡು ಇದ್ದದ್ದು ಮೈದಾನದ ಆ ತುದಿಯಲ್ಲಿ, ನಾನು ಬಿದ್ದದ್ದು ಈ ತುದಿಯಲ್ಲಿ. ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರೋ ನೋವಿನ ಎಣ್ಣೆಯ ಬಾಟಲಿ ಎಸೆದರು. ಮುಚ್ಚಳ ತೆಗೆದೆ, ಘಾಟು ಮೂಗಿಗೆ ಹತ್ತಿತು... ಲೀಕ್ಸ್‌ಲಿಪ್‌ನ ಪಕ್ಕದ ಮನೆಯ ತಾತ ಬಂದು ಬೆಂಚಿನ ಮೇಲೆ ಕೂತಂತಾಯಿತು.

ಐದು ವರ್ಷದ ಹಿಂದಿನ ಮಾತು. ನಾನು ಆ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಗೆ ಹೋಗುತ್ತಿದ್ದೆ. ದಾವಣಗೆರೆಯಲ್ಲಿ ಓದಿ ಇಲ್ಲಿನ ಸರ್ಕಾರಿ ಆಸ್ಪತ್ರೆಗೆ ಬಂದಿದ್ದ ಒಬ್ಬ ಡಾಕ್ಟರ ಜೊತೆ ಬಾಡಿಗೆ ಮನೆ ಹಂಚಿಕೊಂಡಿದ್ದೆ. ಡಾಕ್ಟರು ಮಾತಾಡಿದರೆ ಮುತ್ತು ಉದುರುತ್ತಿರಲಿಲ್ಲ, ಏಕೆಂದರೆ ಮಾತೇ ಆಡುತ್ತಿರಲಿಲ್ಲ. ನಾನೋ, ಎಲ್ಲರ ಧ್ವನಿಯನ್ನೂ ಕದಿಯುವವನು. ಮ್ಯಾನೇಜರ್, ಬಸ್ ಡ್ರೈವರ್, ಚರ್ಚಿನ ಪಾದ್ರಿ, ಯಾರನ್ನೂ ಬಿಡುತ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡುವಾಗ ಒಂದು ಥರ, ಬಾಸ್ ಎದುರು ಒಂದು ಥರ ಮಾತಾಡುವ ನನ್ನನ್ನೇ ನಾನು ಅಣಕಿಸಿ ತೋರಿಸುತ್ತಿದ್ದೆ. ಕ್ಯಾಂಟೀನಿನಲ್ಲಿ ನನಗೆ ಒಳ್ಳೆಯ ಡಿಮ್ಯಾಂಡು ಇತ್ತು.

ಪಕ್ಕದ ಮನೆಯ ಐರಿಷ್ ತಾತ ಒಂಟಿ. ಕಟ್ಟಿಸಿದ ಹಲ್ಲಿನ ಸಂದಿಯಿಂದ ಪ್ರತಿ ‘ಸ’ಕಾರಕ್ಕೂ ಸಣ್ಣ ಶಿಳ್ಳೆ ಹೊರಡುತ್ತಿತ್ತು. ಎಲ್ಲದಕ್ಕೂ ‘ಗ್ರ್ಯಾಂಡ್’ ಎನ್ನುತ್ತಿದ್ದರು, ಆ ಊರಿನಲ್ಲಿ ಹಾಗೆಂದರೆ ‘ಪರವಾಗಿಲ್ಲ’. ಮೊಣಕಾಲಿಗೆ ಮೂರು ಹೊತ್ತೂ ಆ ಎಣ್ಣೆ ತಿಕ್ಕುತ್ತಿದ್ದರು. ನಮ್ಮನ್ನು ಚಹಾಕ್ಕೆ ಕರೆದರೆ ಡಾಕ್ಟರು ನಮ್ಮೂರಿನ ಕ್ರಮದಂತೆ ಎರಡು ಸಲ ಬೇಡ ಎಂದು ಮೂರನೆಯ ಸಲಕ್ಕೆ ಒಪ್ಪುತ್ತಿದ್ದರು. ಆ ಊರಿನ ಕ್ರಮವೂ ಅದೇ ಎಂದು ಆಮೇಲೆ ತಿಳಿಯಿತು. ನಾನು ಮೊದಲ ಸಲಕ್ಕೇ ಹೂಂ ಎಂದು ಕುರ್ಚಿ ಎಳೆದುಕೊಂಡಿರುತ್ತಿದ್ದೆ.

ಅವರ ಹತ್ತಿರ ಇದ್ದದ್ದು ಒಂದೇ ಕಥೆ. ಅವರಪ್ಪ ಹುಡುಗನಾಗಿದ್ದಾಗ ಅಮೆರಿಕದ ಬಟ್ಟೆ ಗಿರಣಿಗಳ ಊರೊಂದಕ್ಕೆ ಹೋಗಿ ಬಣ್ಣ ಹಾಕುವ ವಿಭಾಗದಲ್ಲಿ ಕೆಲಸಕ್ಕೆ ನಿಂತರಂತೆ. ಆ ದೇಶದಲ್ಲಿ ಫುಟ್‌ಬಾಲ್ ಇನ್ನೂ ಕಣ್ಣು ಬಿಡುತ್ತಿದ್ದ ಕಾಲ. ಐರಿಷರು, ಸ್ಕಾಟರು, ಪೋರ್ಚುಗೀಸರು ಸೇರಿ ಗಿರಣಿಯ ಹಿಂದಿನ ಬಯಲಿನಲ್ಲಿ ಕಟ್ಟಿದ ತಂಡವದು. ಚೆನ್ನಾಗಿ ಆಡುವವನಿಗೆ ಮಗ್ಗದ ಕೆಲಸ ಗ್ಯಾರಂಟಿ, ಅವನಿಗೆ ನೇಯಲು ಬರದಿದ್ದರೂ. ಶನಿವಾರ ಗಿರಣಿಯ ಸೀಟಿ ಊದಿದರೆ ಊರಿಗೆ ಊರೇ ಬಯಲಿಗೆ ನಡೆಯುತ್ತಿತ್ತಂತೆ. ಆಮೇಲೆ ಗಿರಣಿಗಳು ಮುಚ್ಚಿದವು. ತಂಡ ಮಾರಾಟವಾಗಿ ದೊಡ್ಡ ಊರಿಗೆ ಹೋಯಿತು, ಅಲ್ಲಿ ಅದರ ಹೆಸರೂ ಹೋಯಿತು. ಅಪ್ಪ ಊರಿಗೆ ಮರಳಿದರು, ಪತ್ರಿಕೆಯ ಚೂರುಗಳಿದ್ದ ಒಂದು ಬಿಸ್ಕತ್ತಿನ ಡಬ್ಬಿ, ಒಂದು ತಗಡಿನ ಬಕೆಟ್ ಹೊತ್ತು. ಬಕೆಟ್ ತಾತನ ಬಾಗಿಲ ಬಳಿಯೇ ಇರುತ್ತಿತ್ತು. ನಾನು ಅದರಲ್ಲಿ ಸಿಗರೇಟಿನ ತುಂಡು ಎಸೆಯುತ್ತಿದ್ದೆ...

ಒಂದು ಭಾನುವಾರ ಆ ಬಕೆಟನ್ನೇ ಬೋರಲು ಹಾಕಿ, ತಮಟೆ ಮಾಡಿಕೊಂಡು, ಇಡೀ ಕಥೆಯನ್ನು ತಾತನ ಧ್ವನಿಯಲ್ಲಿ, ಶಿಳ್ಳೆ ಸಮೇತ, ತಾತನೆದುರೇ ಆಡಿ ತೋರಿಸಿದೆ. ಕೊನೆಗೆ ಅವರಪ್ಪನನ್ನೂ ಕುಂಟುತ್ತಾ ಓಡಿಸಿದೆ. ತಾತ ಕಣ್ಣೊರೆಸಿಕೊಂಡು ನಕ್ಕರು. ಆದರೆ ಆಮೇಲೆ ಡಬ್ಬಿ ತೆರೆಯುವ ಹೊತ್ತಿಗೆ ನನಗೆ ಕರೆ ಬರುವುದು ನಿಂತಿತು.

“ಏನಂತೆ ನಿಮ್ಮ ಫ್ರೆಂಡು, ನನ್ನ ಮರ್ತೇಬಿಟ್ರಾ?” ಎಂದು ಡಾಕ್ಟರನ್ನು ಕೇಳಿದೆ.

“ಕೋಪ ಏನಿಲ್ಲ ಕಣೋ. ‘ನನ್ನನ್ನ ಎಷ್ಟು ಬೇಕಾದ್ರೂ ಆಡ್ಕೊಳ್ಳಿ, ನಮ್ಮಪ್ಪ ಮಾತ್ರ ಬೇಡ’ ಅಂದ್ರು, ಅಷ್ಟೇ.”

ಅಷ್ಟೇ! ಡಾಕ್ಟರು ಡ್ಯೂಟಿ ಮುಗಿಸಿ ನೇರ ಅಲ್ಲಿಗೆ ಹೋಗುತ್ತಿದ್ದರು. ತಾತ ಹೇಳುವುದು, ಇವರು ಲ್ಯಾಪ್‌ಟಾಪಿನಲ್ಲಿ ಕುಟ್ಟುವುದು. ಆ ಅಮೆರಿಕದ ಊರಿನ ಲೈಬ್ರರಿಯವರು ತಂಡದ ಚರಿತ್ರೆಯ ಪುಸ್ತಿಕೆ ತರುವವರಿದ್ದರು. ಅದರಲ್ಲಿ ಅಪ್ಪನ ಹೆಸರು ಬರಬೇಕು, ತಾತನ ಆಸೆ ಇಷ್ಟೇ. ಯಾವ ಪಟ್ಟಿಯಲ್ಲೂ ಆ ಹೆಸರು ಇರಲಿಲ್ಲವಂತೆ. ಗೋಡೆಯಾಚೆಯಿಂದ ಚಮಚದ ಸದ್ದು, ನಗು ಕೇಳಿಸುತ್ತಿತ್ತು. ನಗಿಸುವುದು ನನ್ನ ಡಿಪಾರ್ಟ್‌ಮೆಂಟು, ಈ ಮೂಗಪ್ಪ ಅದೇನು ಹೇಳಿ ನಗಿಸುತ್ತಾನೆ? ಡಾಕ್ಟರು ನನಗೂ ಒಂದು ಚೂರು ಕೇಕ್ ತರುತ್ತಿದ್ದರು. ತಿನ್ನಲೇಬಾರದು ಎಂದು ಪ್ರತಿಸಲವೂ ನಿರ್ಧರಿಸುತ್ತಿದ್ದೆ. ಪ್ರತಿಸಲವೂ ತಿನ್ನುತ್ತಿದ್ದೆ.

ತಾತನಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹಾಗಾಗಿ ಲೈಬ್ರರಿಗೆ ನಮ್ಮ ಮನೆಯ ನಂಬರ್ ಕೊಟ್ಟಿದ್ದರು. ಒಂದು ಸಂಜೆ ಫೋನ್ ಬಂತು, ಡಾಕ್ಟರು ಆಸ್ಪತ್ರೆಯಲ್ಲಿದ್ದರು. ಆ ಕಡೆ ಒಬ್ಬ ಹೆಂಗಸು ತಾತನನ್ನು ಕೇಳಿದರು. ಹತ್ತು ಹೆಜ್ಜೆ ಹಾಕಿ ಬಾಗಿಲು ತಟ್ಟಿದ್ದರೆ ಸಾಕಿತ್ತು. ನನ್ನ ನಾಲಿಗೆ ಸುಮ್ಮನಿರಲಿಲ್ಲ. ಶಿಳ್ಳೆಯೂ ಸೇರಿದ ತಾತನ ಧ್ವನಿಯಲ್ಲಿ “ನಾನೇ ಮಾತಾಡ್ತಿರೋದು” ಎಂದೆ.

ನಾಳೆ ಪುಸ್ತಿಕೆ ಅಚ್ಚಿಗೆ ಹೋಗುತ್ತದೆ, ತಂಡದ ಫೋಟೋದಲ್ಲಿ ಹಿಂದಿನ ಸಾಲಿನ ಇಬ್ಬರ ಗುರುತು ಸಿಕ್ಕಿಲ್ಲ, ಎಂದರು ಆಕೆ. ಒಬ್ಬ ಚೆಂಡು ಹಿಡಿದು ನಡುವೆ ನಿಂತಿದ್ದಾನೆ, ಇನ್ನೊಬ್ಬ ಬಕೆಟ್ ಹಿಡಿದು ಕೊನೆಯಲ್ಲಿ. ನಿಮ್ಮ ತಂದೆ ಯಾರು?

ಇದೂ ಒಂದು ಪ್ರಶ್ನೆಯೇ? “ಚೆಂಡು ಹಿಡಿದವರೇ, ಇನ್ಯಾರು?” ಎಂದೆ. ಆಕೆ ಸಂತೋಷದಿಂದ ಥ್ಯಾಂಕ್ಸ್ ಹೇಳಿದರು. ಡಾಕ್ಟರು ವಾರಗಟ್ಟಲೆ ಕುಟ್ಟಿದ ಕೆಲಸವನ್ನು ಅರ್ಧ ನಿಮಿಷದಲ್ಲಿ ಮುಗಿಸಿದೆನೆಂದು ಬೀಗಿದೆ. ಸಮಯ ನೋಡಿ ಹೇಳೋಣ ಎಂದು ಸುಮ್ಮನಿದ್ದೆ.

ಪುಸ್ತಿಕೆಯ ಮೂರು ಪ್ರತಿ ಬಂದ ದಿನ ತಾತ ಇಬ್ಬರನ್ನೂ ಕರೆದರು. ಟೈ ಕಟ್ಟಿದ್ದರು. ಫೋಟೋದ ಪುಟ ತೆಗೆದು, ಬೆರಳನ್ನು ಸಾಲಿನುದ್ದಕ್ಕೂ ಸರಿಸುತ್ತಾ ಕೊನೆಯವನ ಮೇಲೆ ನಿಲ್ಲಿಸಿದರು. ಕೆಳಗಿನ ಅಕ್ಷರ ಓದಿದರು. ಮತ್ತೊಮ್ಮೆ ಓದಿದರು. ಅವರಪ್ಪನ ಹೆಸರು ಚೆಂಡು ಹಿಡಿದವನ ಕೆಳಗಿತ್ತು. ಬಕೆಟ್ ಹಿಡಿದವನ ಕೆಳಗೆ, ಹೆಸರು ತಿಳಿದಿಲ್ಲ.

“ನಮ್ಮಪ್ಪ ಒಂದು ದಿನವೂ ಆಡಿದವರಲ್ಲ,” ಎಂದರು ಮೆಲ್ಲಗೆ. “ಬಿದ್ದವರ ಹತ್ತಿರ ಓಡೋದು, ಸ್ಪಂಜಿನಿಂದ ಒರೆಸೋದು, ಎಣ್ಣೆ ತಿಕ್ಕೋದು... ಅದಕ್ಕೇ ಅಲ್ವಾ ಪಟ್ಟಿಯಲ್ಲಿ ಹೆಸರಿಲ್ಲ? ಇದನ್ನ ಯಾರು ಹೇಳಿದ್ದು ಅವರಿಗೆ?”

ಡಾಕ್ಟರು ನನ್ನ ಕಡೆ ನೋಡಿದರು. ನನ್ನ ಮುಖ ಎಲ್ಲವನ್ನೂ ಹೇಳಿರಬೇಕು.

“ಸಾರಿ. ನಾನು ಬರೆದಿದ್ರಲ್ಲೇ ತಪ್ಪಾಗಿರ್ಬೇಕು,” ಎಂದರು ಡಾಕ್ಟರು.

ತಾತ ಪುಸ್ತಿಕೆ ಮುಚ್ಚಿದರು. ಆಮೇಲೆ ಡಾಕ್ಟರ ಭುಜದ ಮೇಲೆ ಕೈಯಿಟ್ಟು, “ಇರಲಿ ಬಿಡು ಮಗ, ಗ್ರ್ಯಾಂಡ್. ಅಪ್ಪನಿಗೆ ಒಂದು ಸಲವಾದ್ರೂ ಚೆಂಡು ಸಿಕ್ತಲ್ಲ,” ಎಂದರು.

ನಿಜ ಹೇಳುತ್ತೇನೆ, ಆ ಕ್ಷಣ ನನ್ನನ್ನು ಸುಟ್ಟದ್ದು ಪಶ್ಚಾತ್ತಾಪವಲ್ಲ. ಅದು ಬಂದದ್ದು ಆಮೇಲೆ. ಮೊದಲು ಬಂದದ್ದು ಅದೇ ಹಳೆಯ ಹೊಟ್ಟೆಕಿಚ್ಚು. ತಪ್ಪು ನನ್ನದು, ಕ್ಷಮೆ ಆ ಮೂಗಪ್ಪನಿಗೆ!

ಹೊರಗೆ ಬಂದ ಮೇಲೆ ಡಾಕ್ಟರು ಬೈಯಲಿಲ್ಲ. “ನೀನೇ ಹೋಗಿ ಹೇಳು. ನಾನು ಹೇಳೋದಲ್ಲ ಅದು,” ಎಂದರು.

“ನಾಳೆ ಹೇಳ್ತೀನಿ ಡಾಕ್ಟ್ರೇ.”

ನಾಳೆ ಶಿಫ್ಟ್ ಇತ್ತು, ನಾಡಿದ್ದು ಜ್ವರದ ನೆಪ... ಬಾಗಿಲವರೆಗೆ ಮೂರು ಸಲ ಹೋಗಿ ಬಂದೆ. ಬಕೆಟ್ ಅಲ್ಲೇ ಇತ್ತು. ಒಂದು ದಿನ ಅದರೊಳಗಿನ ಸಿಗರೇಟು ತುಂಡುಗಳನ್ನೆಲ್ಲ ಆರಿಸಿ, ತೊಳೆದು ಇಟ್ಟುಬಂದೆ, ಅಷ್ಟೇ ನನ್ನ ಪೌರುಷ. ಆ ಚಳಿಗಾಲದಲ್ಲಿ ತಾತ ಆಸ್ಪತ್ರೆ ಸೇರಿದರು. ಕೊನೆಯಲ್ಲಿ ಹಾಸಿಗೆಯ ಪಕ್ಕ ಇದ್ದದ್ದೂ ಡಾಕ್ಟರೇ. ಬಕೆಟನ್ನು ಅವರಿಗೇ ಕೊಡಬೇಕೆಂದು ಹೇಳಿದ್ದರಂತೆ. ಬೇರೆ ಊರಿಗೆ ವರ್ಗವಾಗಿ ಹೊರಟಾಗ ಡಾಕ್ಟರು ಅದನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದರು. ನಾನು ಕೈ ಬೀಸುತ್ತಾ ಬಕೆಟಿನ ಮೇಲೂ ಹೊಟ್ಟೆ ಉರಿದುಕೊಂಡೆ.

ತಾತನ ಮನೆ ಮಾರಿಹೋಗಿ ಅಲ್ಲೀಗ ಹೊಸ ಅಪಾರ್ಟ್‌ಮೆಂಟಿನ ಕ್ರೇನ್ ನಿಂತಿದೆ. ಪುಸ್ತಿಕೆ ಮತ್ತೆ ಅಚ್ಚಾಗಲಿಲ್ಲ. ನನ್ನ ಪಾಲಿನ ಪ್ರತಿಯಲ್ಲಿ ಆ ಹೆಸರನ್ನು ಚೆಂಡಿನಿಂದ ಹೊಡೆದುಹಾಕಿ ಬಕೆಟಿನ ಕೆಳಗೆ ಪೆನ್ನಿನಲ್ಲಿ ಬರೆದಿದ್ದೇನೆ. ಜಗತ್ತಿನಲ್ಲಿ ಒಂದೇ ಒಂದು ಪ್ರತಿ ಸರಿಯಿದೆ.

ಕಳೆದ ವಾರ ಆ ಬೆಂಚಿನ ಮೇಲೆ ಕಾಲಿಗೆ ಎಣ್ಣೆ ತಿಕ್ಕುತ್ತಾ, ಕೋಣೆ ಖಾಲಿಯಿದೆ ಎಂದುಕೊಂಡು, ತಾತನ ಧ್ವನಿಯಲ್ಲಿ ಹೇಳಿ ನೋಡಿದೆ. “ಇರಲಿ ಬಿಡು ಮಗ, ಗ್ರ್ಯಾಂಡ್.” ತಾತನ ಇಂಗ್ಲಿಷಿನಲ್ಲಿ, ತಾತನ ಶಿಳ್ಳೆಯಲ್ಲಿ. ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

“ಯಾರೋ ಅದು ಒಳಗೆ, ಯಾವ ಮುದುಕ?” ಎಂದು ಶವರಿನಿಂದ ಗೆಳೆಯ ಕೂಗಿದ.

“ಯಾರೂ ಇಲ್ಲ ಕಣೋ,” ಎಂದೆ. “ನಾನೇ.”