ಸೀರೆ ಸುಡದ ಸೈಲೆನ್ಸರ್

ಚೆನ್ನೈನ ಅಂಬತ್ತೂರಿನಲ್ಲಿ ನಮ್ಮ ಪಕ್ಕದ ಮನೆಯವರು ಕ್ರೂಸರ್ ಬೈಕುಗಳಿಗೆ ಹೊಸ ಸೈಲೆನ್ಸರ್ ಪೈಪು ಮಾಡಿಕೊಡುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹುಡುಗರಿಗೆಲ್ಲ ಗುಡುಗುವ ಪೈಪು ಬೇಕಿತ್ತು. ಯಾರು ಏನು ಕೇಳಿದರೂ ಇವರು ಅರೆ ತಮಿಳಿನಲ್ಲಿ ಹೇಳುತ್ತಿದ್ದುದು ಒಂದೇ: "ಟ್ರೈ ಪಣ್ಣಿ ನೋಡೋಣ."

ಒಮ್ಮೆ ಗಿರಾಕಿಯೊಬ್ಬ ಪೈಪು ವಾಪಸ್ ತಂದ. ಅದರ ಬಿಸಿಗೆ ಹೆಂಡತಿಯ ಸೀರೆಯ ಅಂಚು ಸುಟ್ಟು, ಆಕೆ ಬೈಕ್ ಹತ್ತುವುದನ್ನೇ ಬಿಟ್ಟಿದ್ದಳಂತೆ. ಇವರಿಗೆ ಊಟ ಸೇರಲಿಲ್ಲ. ಪೈಪನ್ನು ಕೆಳಕ್ಕೆ ಬಾಗಿಸಿ, ಮೇಲೊಂದು ತಗಡಿನ ಕವಚ ಕೂರಿಸಿದರು. ಆದರೆ ಪರೀಕ್ಷೆಗೆ ಹಿಂದೆ ಕೂರಲು ಇವರ ಸ್ವಂತ ಹೆಂಡತಿಯೇ ಒಪ್ಪಲಿಲ್ಲ.

"ಬೇಕಾದ್ರೆ ನನ್ನ ಸೀರೆ ತಗೊಳ್ಳಿ. ನಾನು ಮಾತ್ರ ಬರಲ್ಲ."

ಇವರು ಸೀರೆ ತೆಗೆದುಕೊಂಡರು. ಬೈಕ್ ಓಡಿಸಲು ನನ್ನನ್ನು ಕರೆದರು. ಪ್ಯಾಂಟಿನ ಮೇಲೆಯೇ ನೆರಿಗೆ ಹಿಡಿದು ಉಟ್ಟು, ಎರಡೂ ಕಾಲು ಒಂದೇ ಪಕ್ಕಕ್ಕೆ ಇಳಿಬಿಟ್ಟು ನನ್ನ ಹಿಂದೆ ಕೂತರು. ಪೋರೂರು ತಲುಪುವಷ್ಟರಲ್ಲಿ ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು. ಸೀರೆ ನೋಡಿದರು, ಮೇಲಿದ್ದ ದಪ್ಪ ಮೀಸೆಯನ್ನೂ ನೋಡಿದರು.

"ಎನ್ನ ಸಾರ್ ಇದು?" ಏನಿದು ಎಂದು ತಮಿಳಿನಲ್ಲಿ ಕೇಳಿದರು.

"ಟೆಸ್ಟಿಂಗ್ ಸಾರ್. ಸೀರೆ ಸುಡುತ್ತಾ ಅಂತ."

ಪೊಲೀಸಿನವರು ಬಗ್ಗಿ ಸೀರೆಯ ಅಂಚನ್ನು ಪೂರ್ತಿ ತಿರುವಿ ನೋಡಿದರು. ಎಲ್ಲೂ ಸುಟ್ಟಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ತಮಿಳಿನಲ್ಲಿ ಗಂಭೀರವಾಗಿ ಹೇಳಿದರು:

"ಮೆಲ್ಲ ಓಡಿಸಪ್ಪಾ. ಹಿಂದೆ ಅಮ್ಮ ಕೂತಿದ್ದಾರೆ."