ಅಂಗೈ ನೋಡುವ ಚನ್ನಬಸಪ್ಪ

ಗಾಜಿನ ಸಿರಿಂಜು ಒಡೆಯಬಹುದಿತ್ತು. ಸೂಜಿ ನನ್ನ ಬೆರಳಿಗೇ ಚುಚ್ಚಬಹುದಿತ್ತು. ಪೆನಿಸಿಲಿನ್ ಒಗ್ಗದೆ ರೋಗಿ ಮೇಜಿನ ಮೇಲೇ ಕಣ್ಣು ಮುಚ್ಚಬಹುದಿತ್ತು. ರಕ್ತದ ಸೀಸೆ ಹುಬ್ಬಳ್ಳಿ ಬಸ್ಸಿನಲ್ಲಿ ಯಾರದೋ ಗಂಟಿನಡಿ ಪುಡಿಯಾಗಬಹುದಿತ್ತು. ರೋಗಿಯ ಗುಟ್ಟು ಊರಿಗೆಲ್ಲ ಹಬ್ಬಬಹುದಿತ್ತು. ಎಂಬತ್ತರ ದಶಕದ ಕೊನೆಯಲ್ಲಿ, ನವಲಗುಂದ ತಾಲೂಕಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೂತು ಇಷ್ಟನ್ನೂ ಮುಂಗಡವಾಗಿ ಚಿಂತಿಸಿ ಮುಗಿಸಿದ್ದ ಹೊಸ ಡಾಕ್ಟರು ನಾನು. ಚಿಂತಿಸದೆ ಕೆಲಸ ಮಾಡುತ್ತಿದ್ದವರು ರಕ್ತಪರೀಕ್ಷೆಯ ಚನ್ನಬಸಪ್ಪ.

ಯಾರೇ ಬರಲಿ, ರಕ್ತ ತೆಗೆಯುವ ಮೊದಲು ಅವರು ಅಂಗೈ ಬಿಡಿಸಿ ನೋಡುತ್ತಿದ್ದರು. ಭವಿಷ್ಯ ಹೇಳುತ್ತಾರೆಂದು ಹಳ್ಳಿಯವರು ನಂಬಿದ್ದರು. "ನನ್ನ ಸೊಸಿ ಯಾವಾಗ ಹಡೀತಾಳ್ರಿ?" ಎಂದು ಒಬ್ಬ ಮುದುಕಿ ಕೇಳಿದ್ದಕ್ಕೆ, "ಅದನ್ನ ನಿನ್ನ ಮಗನ್ನ ಕೇಳಬೇ ಯವ್ವಾ" ಅಂದಿದ್ದರು. ತಾವು ನೋಡಿಯಾದ ಮೇಲೆ ಆ ಅಂಗೈಯನ್ನು ನನ್ನ ಕೈಗೆ ದಾಟಿಸುವುದು ಅವರ ರೂಢಿ: "ಹಿಡದ ನೋಡ್ರಿ ಸಾಹೇಬ್ರ. ಕಣ್ಣಿಗೆ ಕಾಣದ್ದು ಕೈಗೆ ಹತ್ತತೈತಿ."

ಮುಂಬಯಿಗೆ ಹತ್ತಿ ಸಾಗಿಸುವ ಲಾರಿಯ ಡ್ರೈವರ್ ಹನುಮಂತ ಬಂದಾಗ ಮುಖದ ತುಂಬ ಕಪ್ಪು ಹಕ್ಕಳೆಗಟ್ಟಿದ ಹುಣ್ಣು. ಕುಷ್ಠವೆಂದು ಊರು ತೀರ್ಮಾನಿಸಿತ್ತು. ಜೊತೆಗೆ ಬಂದ ತಾಯಿ ಕೇಳಿದ್ದು ಒಂದೇ: "ಇವನ್ನ ಮನ್ಯಾಗ ಇಟ್ಕೊಳ್ಳೂದೋ ಬ್ಯಾಡೋ, ಅಷ್ಟ ಹೇಳ್ರಿ."

ಅಂಗೈಯಲ್ಲಿ ಮಾಸಿದ ತಾಮ್ರದ ಬಣ್ಣದ ಚುಕ್ಕೆಗಳಿದ್ದವು. "ಇದು ಗರ್ಮಿರಿ," ಅಂದರು ಚನ್ನಬಸಪ್ಪ. ಗರ್ಮಿ ಎಂದರೆ ಸಿಫಿಲಿಸ್. ಆದರೆ ರಕ್ತಪರೀಕ್ಷೆ ಇಲ್ಲವೆಂದಿತು. ಪುಸ್ತಕದಲ್ಲೂ ಇಂಥ ಮುಖವಿರಲಿಲ್ಲ. ನಾನು ಚೀಟಿಯಲ್ಲಿ 'ಕುಷ್ಠ' ಎಂದು ಬರೆಯಲು ಪೆನ್ನಿನ ಟೊಪ್ಪಿಗೆ ತೆಗೆದಿದ್ದೆ.

"ತಡೀರಿ," ಎಂದವರೇ ರಕ್ತದ ತಿಳಿಗೆ ಉಪ್ಪುನೀರು ಬೆರೆಸಿದರು. ಮತ್ತೆ ಬೆರೆಸಿದರು. "ಸಂತ್ಯಾಗ ಗದ್ದಲ ಭಾಳ ಆದ್ರ ಕರದವ್ರ ದನಿ ಕೇಳಸ್ತೈತೇನ್ರಿ? ಮಂದಿ ಕಡಿಮಿ ಮಾಡೂಣು." ನಾಲ್ಕನೆಯ ಸಲ ಗಾಜಿನ ಮೇಲೆ ಕಣಗಳು ಗುಂಪುಗಟ್ಟಿದವು. ರೋಗ ಇತ್ತು. ರಕ್ತದಲ್ಲಿ ಅದರ ಗುರುತು ಬಹಳ ಇದ್ದುದರಿಂದಲೇ ಮೊದಲ ಪರೀಕ್ಷೆಗೆ ಸಿಕ್ಕಿರಲಿಲ್ಲ.

"ಮನ್ಯಾಗ ಇಟ್ಕೋರಿ," ಎಂದು ತಾಯಿಗೆ ಹೇಳಿದೆ. ಪೆನಿಸಿಲಿನ್ ಶುರುವಾಯಿತು. ಹುಬ್ಬಳ್ಳಿಗೆ ಕಳಿಸಿದ ರಕ್ತ, ಆಗಷ್ಟೇ ಪತ್ರಿಕೆಗಳಲ್ಲಿ ಹೆಸರು ಕೇಳಿದ್ದ ಏಡ್ಸಿನ ಸೋಂಕೂ ಇದೆ ಎಂಬ ಉತ್ತರ ತಂದಿತು. ಗರ್ಮಿ ಹೀಗೆ ವೇಷ ಬದಲಿಸಿದ್ದು ಅದರ ಜೊತೆ ಸೇರಿ. ಒಂದಕ್ಕೆ ಮದ್ದಿತ್ತು, ಇನ್ನೊಂದಕ್ಕೆ ಇರಲಿಲ್ಲ. ನಾನು ಆ ದಿನ ಏಳು ಸಲ ಕೈ ತೊಳೆದೆ. ಮುಟ್ಟಿದರೆ ಬರುವುದಿಲ್ಲವೆಂದು ಓದಿಕೊಂಡವನೇ!

ಆರು ವಾರಕ್ಕೆ ಹನುಮಂತ ಬಂದ. ಮುಖದಲ್ಲಿ ಕಲೆ ಮಾತ್ರ. ಎರಡೂ ಅಂಗೈ ನನ್ನತ್ತ ಚಾಚಿದ: "ನೋಡ್ರಿ ಸಾಹೇಬ್ರ, ಅಗದಿ ಸ್ವಚ್ಛ."

ಕೈಗಳನ್ನು ಮೇಜಿನಡಿ ಇಟ್ಟುಕೊಂಡೇ "ಛಲೋ ಆತು" ಅಂದೆ. ಆ ಅಂಗೈಗಳು ಗಾಳಿಯಲ್ಲೇ ಉಳಿದವು. ಚನ್ನಬಸಪ್ಪ ಎದ್ದು ಬಂದು ಅವನ್ನು ತಾವೇ ಹಿಡಿದುಕೊಂಡರು.

ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಚನ್ನಬಸಪ್ಪ ನಿವೃತ್ತರಾಗಿ ಅಣ್ಣಿಗೇರಿಗೆ ಹೋದರು, ಈಗ ಅಲ್ಲಿಯೂ ಇಲ್ಲ. ಆದರೆ ಹನುಮಂತ ಕೈ ಚಾಚಿದ ಆ ದಿನದಿಂದ ನಿವೃತ್ತಿಯವರೆಗೂ ಅವರು ಯಾರ ಅಂಗೈಯನ್ನೂ ನನ್ನ ಕೈಗೆ ದಾಟಿಸಲಿಲ್ಲ. ಕಂಡದ್ದನ್ನು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು.