ಮೇಡಂ ಬರೆದದ್ದು ಸೂಲಗಿತ್ತಿ ಅಂತ

ಮೊನ್ನೆ ಚಿತ್ತವಾಡ್ಗಿಯಲ್ಲಿ ನಮ್ಮ ಪಕ್ಕದ ಮನೆಯವರು ಬಾಣಂತಿಗೆ ಓಮದ ಹೊಗೆ ಹಾಕಿದ್ದರು. ವಾಸನೆ ಬಂತು, ಎದ್ದು ಕಿಟಕಿ ಮುಚ್ಚಿದೆ. ಆ ವಾಸನೆ ಅಂದ್ರೆ ನಮ್ಮೂರು ವಡ್ಡಿನ ತುಂಬ ಹೆರಿಗೆ ಮಾಡಿಸುತ್ತಿದ್ದ ನಮ್ಮಜ್ಜಿ. ಅಜ್ಜಿ ಅಂದ್ರೆ ಮೇಡಂ... ಮೇಡಂ ಅಂದ್ರೆ ನಾನು ಮಾಡಿದ ಹಲ್ಕಟ್ ಕೆಲಸ.

ಹೊಸಪೇಟೆಯಲ್ಲಿ ಆಗ ನನ್ನದೊಂದು ಡಿಟಿಪಿ ಅಂಗಡಿ. ಮೇಡಂ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿ ನಿವೃತ್ತರಾದವರು. ಅರ್ಧ ಆಯುಷ್ಯ ಗ್ರೀಕರನ್ನು ಓದಿದರು, ಉಳಿದರ್ಧ ಸ್ತ್ರೀವಾದ. ಗ್ರೀಕರನ್ನು ಬಿಟ್ಟು ಹೆಂಗಸರ ಕಡೆ ಯಾಕೆ ಬಂದಿರಿ ಅಂತ ಎಲ್ಲರೂ ಕೇಳೋರು. "ನಾ ಎಲ್ಲಿ ಬಿಟ್ಟೀನಿ? ಅದೇ ಮನಿ. ಈಗ ಅಡಿಗಿಮನಿಗೆ ಬಂದೀನಿ" ಅನ್ನುತ್ತಿದ್ದರು.

ಅವರ ಕೊನೆಯ ಪುಸ್ತಕ ನಾನೇ ಟೈಪ್ ಮಾಡಿದೆ. ಅದು ನಿಂತಿದ್ದೇ ಒಂದು ಪದದ ಮೇಲೆ. ಗ್ರೀಸಿನ ಒಬ್ಬ ಹಳೇ ಜ್ಞಾನಿ ತನ್ನನ್ನು ಸೂಲಗಿತ್ತಿ ಅಂತ ಕರಕೊಂಡನಂತೆ. ಬೇರೆಯವರ ತಲೆಯೊಳಗಿನ ವಿಚಾರ ಹೆರಿಸಿ ಹೊರತೆಗೆಯುವವ. ಅವನ ತಾಯಿ ನಿಜವಾದ ಸೂಲಗಿತ್ತಿ. ಮಗನ ಮಾತು ಜಗತ್ತೆಲ್ಲ ಓದಿತು, ಆಕೆಯ ಕೈಗೆ ಗೊತ್ತಿದ್ದದ್ದನ್ನು ಒಬ್ಬರೂ ಬರೆದಿಡಲಿಲ್ಲ ಅನ್ನುವುದು ಮೇಡಂ ಸಿಟ್ಟು. ಹಂಗಾಗಿ ನಮ್ಮಜ್ಜಿಯ ಬಗ್ಗೆ ಕೆದಕಿ ಕೆದಕಿ ಕೇಳುತ್ತಿದ್ದರು.

ಕೊನೆಗೆ ಅರ್ಪಣೆಯ ಪುಟ ಕೊಟ್ಟರು: 'ನನ್ನ ಟೈಪಿಸ್ಟಳ ಅಜ್ಜಿ, ವಡ್ಡಿನ ಸೂಲಗಿತ್ತಿಗೆ.' ಸೂಲಗಿತ್ತಿ ಮೊಮ್ಮಗಳು ಅಂತ ಶಾಲೆಯಲ್ಲಿ ಆಡಿಕೊಂಡಿದ್ದನ್ನು ನಾನಿನ್ನೂ ಮರೆತಿರಲಿಲ್ಲ. ಮೇಡಂ ಕಣ್ಣಿನ ಆಪರೇಶನ್ನಿಗೆ ಹೋಗಿದ್ದಾಗ ಆ ಪದವನ್ನು 'ಪ್ರಸೂತಿ ತಜ್ಞೆ' ಮಾಡಿದೆ. ಒಂದೇ ಕಡೆ ಬದಲಿಸಿದರೆ ಎದ್ದು ಕಾಣುತ್ತದೆ ಅಂತ ಇಡೀ ಪುಸ್ತಕದಲ್ಲೇ ಬದಲಿಸಿಬಿಟ್ಟೆ. ಹಂಗೇ ಅಚ್ಚಾಯಿತು.

ಪುಸ್ತಕ ನೋಡಿ ಮೇಡಂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. "ನೀನೂ ಆಕಿನ್ನ ಅಳಿಸಿದಿ ಅಲ್ಲವಾ" ಅಂದರು. ಪುಸ್ತಕದ ಕಟ್ಟುಗಳನ್ನೆಲ್ಲ ಮಂಚದ ಕೆಳಗೆ ತಳ್ಳಿಸಿದರು, ಒಂದನ್ನೂ ಯಾರಿಗೂ ಕೊಡಲಿಲ್ಲ. "ತಿದ್ದಿ ಕೊಡ್ತೀನ್ರಿ ಮೇಡಂ" ಅಂದೆ. ಆಮೇಲೆ ಮದುವೆ ಸೀಸನ್ನು, ಲಗ್ನಪತ್ರಿಕೆಗಳ ಗದ್ದಲ... ನಾಳೆ, ನಾಡಿದ್ದು ಅನ್ನುತ್ತಿರುವಾಗಲೇ ಮೇಡಂ ತೀರಿಕೊಂಡರು.

ಮೊನ್ನೆ ಕಿಟಕಿ ಮುಚ್ಚಿದ ಮೇಲೆ ಹಳೇ ಫೈಲು ಹುಡುಕಿ ತೆಗೆದೆ. ಪದ ವಾಪಸ್ ಹಾಕಿದೆ. ಇಡೀ ಪುಸ್ತಕ ಸರಿಹೋಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಇಷ್ಟೇ ಇಷ್ಟಕ್ಕೆ ಅವರನ್ನು ಕಾಯಿಸಿದೆನಲ್ಲ, ನನ್ನ ಬುದ್ಧಿಗೆ ಬೆಂಕಿ ಹಾಕ. ಅರ್ಪಣೆಯ ಪುಟವನ್ನು ಪ್ರಿಂಟ್ ತೆಗೆದು, ಕೈಯಲ್ಲಿ ಹಿಡಿದು ಕೂತೆ. ಓದಿ ನೋಡ್ರಿ ಅನ್ನಲು ಮೇಡಂ ಇಲ್ಲ. ಅಜ್ಜಿಗಂತೂ ಓದಲು ಬರುತ್ತಲೇ ಇರಲಿಲ್ಲ.